ಉಪಕರಣವೋ, ಪರಿಗ್ರಹವೋ? ಗಣಕಪ್ರಿಯನೊಬ್ಬನ ಇಚ್ಛಾಪರಿಮಾಣ

ಕನ್ನಡ ಅಧ್ಯಾಪಕನ ಮನೆಯಲ್ಲಿ ಪುಸ್ತಕದ ಕಪಾಟುಗಳಿರುವುದು ಸಹಜ. ನನ್ನ ಮನೆಯಲ್ಲಿ ಅವುಗಳ ಪಕ್ಕದಲ್ಲಿಯೇ ಸಣ್ಣ ಸ್ಕ್ರೂಡ್ರೈವರುಗಳ ಒಂದು ಸೆಟ್ಟು, ಥರ್ಮಲ್ ಪೇಸ್ಟಿನ ಒಂದು ಟ್ಯೂಬು, ಆಗಾಗ ಬಿಚ್ಚಿಕೊಳ್ಳುವ ಒಂದು ಕ್ಯಾಬಿನೆಟ್ಟು ಇವೆ. ಸುಮಾರು ಇಪ್ಪತ್ತು ವರ್ಷಗಳಿಂದ ನನ್ನ ಬರವಣಿಗೆಯ ಕಂಪ್ಯೂಟರನ್ನು ನಾನೇ ಬಿಡಿಭಾಗ ತಂದು ಜೋಡಿಸಿಕೊಳ್ಳುತ್ತ ಬಂದಿದ್ದೇನೆ. ಹೊಸ ಪ್ರೊಸೆಸರಿನ ಸುದ್ದಿಯನ್ನು ಹೊಸದಾಗಿ ದೊರೆತ ಶಾಸನದ ಸುದ್ದಿಯಷ್ಟೇ ಆಸಕ್ತಿಯಿಂದ ಓದುತ್ತೇನೆ. ಶ್ರಾವಕಾಚಾರಗಳನ್ನು ಕುರಿತು ಉಪನ್ಯಾಸಕ್ಕೆ ನಿಂತಾಗ ಪರಿಗ್ರಹದ ಮಿತಿಯ ಬಗ್ಗೆ ಮಾತನಾಡುವವನೂ ನಾನೇ. ಈ ಎರಡು ಒಲವುಗಳು ಒಂದೇ ಮನೆಯಲ್ಲಿ ಹೇಗೆ ಬಾಳಬೇಕು ಎಂಬುದು ಈ ಲೇಖನದ ಜಿಜ್ಞಾಸೆ.

ನಾವಿರುವುದು ಉಲ್ಲಾಳದಲ್ಲಿ. ರಾಣಿ ಅಬ್ಬಕ್ಕನ ಕಡಲತೀರದ ಉಳ್ಳಾಲವಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿಗೂ ಕೆಂಗೇರಿಗೂ ಸಮೀಪವಿರುವ ಉಲ್ಲಾಳ. ಇಲ್ಲಿಂದ ಸಾದರ ಪತ್ರಪ್ಪ ರಸ್ತೆಗೆ, ಎಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿಗೆ, ಹೋಗಿಬರುವುದು ಹಿಂದೆ ಅರ್ಧ ದಿನದ ಕೆಲಸವಾಗಿತ್ತು. 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಯವರೆಗೆ ಬಂದಿತು. ಈಗ ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರಾಯಿತು. ಮೊಬೈಲಿನಲ್ಲಿ ಬೆರಳೊತ್ತುವವರಿಗೆ ಅಷ್ಟು ದೂರವೂ ಇಲ್ಲ. ನಮ್ಮ ಆಚಾರ್ಯರು ದಿಗ್ವ್ರತ, ದೇಶವ್ರತಗಳನ್ನು ಅಣುವ್ರತಗಳ ಕಾವಲಿಗೆ ಇರಿಸಿದ್ದರ ಮರ್ಮ ಇಂತಹ ಸಂದರ್ಭದಲ್ಲಿ ಹೊಳೆಯುತ್ತದೆ. ಓಡಾಟಕ್ಕೆ ಎಲ್ಲೆಯಿದ್ದಾಗ ಆಸೆಗೂ ತಾನಾಗಿ ಒಂದು ಎಲ್ಲೆ ಬೀಳುತ್ತಿತ್ತು. ದಾರಿಯ ದಣಿವು ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ವಿವೇಕವೇ ಮಾಡಬೇಕಾಗಿದೆ.

ಮಿತವ್ಯಯವೂ ಅಪರಿಗ್ರಹವೂ ಒಂದೇ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಕಂಪ್ಯೂಟರ್ ಜೋಡಿಸುವವರ ಲೋಕವನ್ನು ಒಳಗಿನಿಂದ ಬಲ್ಲವರಿಗೆ ಅವೆರಡೂ ಎಷ್ಟು ಬೇರೆ ಎಂಬುದು ಗೊತ್ತು. ಜೋಡಿಸುವವನು ಹಣ ಪೋಲು ಮಾಡುವವನಲ್ಲ. ಒಂದೊಂದು ಭಾಗದ ಬೆಲೆಯನ್ನೂ ತೂಗಿ ನೋಡುತ್ತಾನೆ, ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತಾನೆ, ಯಂತ್ರ ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಿಸುತ್ತಾನೆ. ಇವೆಲ್ಲ ಗುಣಗಳೇ. ಆದರೆ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯನ್ನು ತುಂಬಿಸುವುದೂ ಇವೇ ಗುಣಗಳು. ಹಳೆಯ ಎಸ್‌ಎಂಪಿಎಸ್, ಬಳಕೆ ತಪ್ಪಿದ ಕೇಬಲ್ಲುಗಳು, 2 ಜಿಬಿಯ ರ‍್ಯಾಮ್ ಪಟ್ಟಿಗಳು 'ಎಂದಾದರೂ ಬೇಕಾದೀತು' ಎಂಬ ಒಂದು ಮಾತಿನ ಬಲದಿಂದ ವರ್ಷಗಟ್ಟಲೆ ಅಲ್ಲಿ ಉಳಿದುಬಿಡುತ್ತವೆ. ದುಂದುಗಾರನ ಮನೆ ಹೊಸ ವಸ್ತುಗಳಿಂದ ತುಂಬಿದರೆ ಉಳಿತಾಯಗಾರನ ಮನೆ ಹಳೆಯ ವಸ್ತುಗಳಿಂದ ತುಂಬುತ್ತದೆ. "ಅಲ್ಲಾರೀ, ಇದು ಉಳಿತಾಯಾನೋ, ಆಸೆಗೆ ನೀವಿಟ್ಟಿರೋ ಉಳಿತಾಯದ ಹೆಸರೋ?" ಎಂದು ನನ್ನ ಶ್ರೀಮತಿಯವರು ಒಮ್ಮೆ ನಗುತ್ತಲೇ ಕೇಳಿದ್ದರು. ಎಷ್ಟೋ ವಿಚಾರಗೋಷ್ಠಿಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಏಳುವುದಿಲ್ಲ.

ಅಕ್ಕಿ ಹಳೆಯದಾದಷ್ಟೂ ಒಳ್ಳೆಯದೆಂದು ಹಿರಿಯರು ಕೂಡಿಡುತ್ತಿದ್ದರು. ರ‍್ಯಾಮಿಗೆ ಆ ಭಾಗ್ಯವಿಲ್ಲ. ಡಿಡಿಆರ್3 ಪಟ್ಟಿ ಡಿಡಿಆರ್4 ಬೋರ್ಡಿನಲ್ಲಿ ಕೂರುವುದೇ ಇಲ್ಲ. ಇಂಟೆಲ್ಲಿನ 6ನೆಯ ಮತ್ತು 8ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಸಾಕೆಟ್ಟಿಗೆ ಎಲ್‌ಜಿಎ 1151 ಎಂಬ ಒಂದೇ ಹೆಸರಿದ್ದರೂ ಒಂದಕ್ಕೆಂದು ಮಾಡಿದ ಬೋರ್ಡು ಇನ್ನೊಂದಕ್ಕೆ ಒದಗದು. ಎಎಂಡಿಯ ಎಎಂ4 ಸಾಕೆಟ್ಟಿನಂತೆ ಹಲವು ತಲೆಮಾರುಗಳಿಗೆ ನಡೆದುಬಂದ ಉದಾಹರಣೆಗಳೂ ಇವೆ. ನಿಜವಾದ ಮಿತವ್ಯಯ ಕೊಳ್ಳುವಾಗಲೇ ಇಂತಹುದನ್ನು ಆರಿಸಿಕೊಳ್ಳುತ್ತದೆ. ಕೊಂಡ ಮೇಲೆ ಕೂಡಿಡುವುದರಲ್ಲಿ ಅದು ಇಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಐದನೆಯ ಅಣುವ್ರತವನ್ನು ಪರಿಮಿತಪರಿಗ್ರಹವೆಂದು ಕರೆದು ಅದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಈ ಎರಡನೆಯ ಹೆಸರು ನನಗೆ ಹೆಚ್ಚು ಪ್ರಿಯವಾದದ್ದು. ಅದು ಅಳೆಯಹೊರಟಿರುವುದು ಇಚ್ಛೆಯನ್ನು. ತತ್ತ್ವಾರ್ಥಸೂತ್ರವೂ ಪರಿಗ್ರಹವನ್ನು ಮೂರ್ಛೆ ಎಂದು, ಎಂದರೆ ಮಮತೆಯ ಮಂಪರು ಎಂದು, ವಿವರಿಸುತ್ತದೆ. ಗೃಹಸ್ಥನು ಬರಿಗೈಯಾಗಬೇಕೆಂದು ಅಣುವ್ರತ ಕೇಳುವುದಿಲ್ಲ. ಮೊದಲೇ ಗಡಿ ಗೊತ್ತುಮಾಡಿಕೊಳ್ಳಬೇಕೆಂದು ಕೇಳುತ್ತದೆ. ಈ 'ಮೊದಲೇ' ಎಂಬುದು ಬಹಳ ಮುಖ್ಯ. ಅಂಗಡಿಯ ಮುಂದೆ ನಿಂತಾಗ ಹಾಕಿಕೊಂಡ ಗಡಿ ಅಂಗಡಿಯವನ ಮಾತಿಗೆ ಸರಿಯುತ್ತದೆ.

ಈ ವ್ರತಕ್ಕೆ ಅವರು ಹೇಳಿರುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತುಗಳ ಮೇಲೆ ಸರಕು ಹೇರಿ ವ್ಯಾಪಾರಕ್ಕೆ ಹೋಗುತ್ತಿದ್ದ ಕಾಲದ ಪಟ್ಟಿ ಇದು. ಎಸ್.ಪಿ. ರೋಡಿನಲ್ಲಿ ನಿಂತು ಓದಿದರೂ ಇದರಲ್ಲಿ ಹಳತೆನ್ನಿಸುವುದು ಏನೂ ಇಲ್ಲ. ಪ್ರಾಣಿಯನ್ನು ಅದರ ಶಕ್ತಿಗೆ ಮೀರಿ ದೂರ ಓಡಿಸುವುದು ಅತಿವಾಹನ. ಅಗತ್ಯವೇ ಇಲ್ಲದ ವೇಗಕ್ಕಾಗಿ ಯಂತ್ರವನ್ನೂ ಜೇಬನ್ನೂ ಓಡಿಸುವುದು ಅದರ ಈಗಿನ ರೂಪ; ಕನ್ನಡ ಪ್ರಬಂಧವೊಂದನ್ನು ಬೆರಳಚ್ಚು ಮಾಡಲು ಬೇಕಾದ ವೇಗ ಬೆರಳಿನ ವೇಗವಷ್ಟೇ. ಮುಂದೆ ಲಾಭವಾದೀತೆಂದು ಧಾನ್ಯ ಕೂಡಿಡುವುದು ಅತಿಸಂಗ್ರಹ. ಮಂಚದ ಕೆಳಗಿನ ಪೆಟ್ಟಿಗೆಯ ಬಗ್ಗೆ ಆಗಲೇ ಹೇಳಿದೆ. ಪರರ ಲಾಭವನ್ನು ಕಂಡು ಬೆರಗಾಗಿ ಒಳಗೇ ಕುಂದುವುದು ವಿಸ್ಮಯ. ಬಣ್ಣದ ದೀಪಗಳ ಕ್ಯಾಬಿನೆಟ್ಟುಗಳನ್ನು ತೋರಿಸುವ ವಿಡಿಯೊಗಳನ್ನು ರಾತ್ರಿ ಹನ್ನೊಂದರವರೆಗೆ ನೋಡುವವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ಬೇಕಿರದಿದ್ದರೂ ರಿಯಾಯಿತಿ ಇದೆ ಎಂಬ ಕಾರಣಕ್ಕೆ ಕೊಳ್ಳುವುದು ಲೋಭದ ಲೆಕ್ಕಕ್ಕೇ ಸೇರುತ್ತದೆ.

ಕೊನೆಯದಾದ ಅತಿಭಾರವಹನವೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು. ಯಂತ್ರದ ಭಾರವನ್ನು ಹೊರುವ ಎತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ಮದರ್‌ಬೋರ್ಡಿನಲ್ಲಿ ತಾಮ್ರವಿದೆ, ಚೂರು ಚಿನ್ನವಿದೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ. ಇವನ್ನು ಅಗೆಯುವಾಗ ನೆಲಕ್ಕೆ, ಸುಟ್ಟು ಲೋಹ ತೆಗೆಯುವಾಗ ಗಾಳಿಗೆ, ತೊಳೆಯುವಾಗ ನೀರಿಗೆ ಏಟು ಬೀಳುತ್ತದೆ. ಪೃಥ್ವೀಕಾಯ, ವಾಯುಕಾಯ, ಜಲಕಾಯ ಜೀವಗಳನ್ನು ಒಪ್ಪಿದ ದರ್ಶನಕ್ಕೆ ಇದು ರೂಪಕವಲ್ಲ, ಹಿಂಸೆಯೇ. ಆದ್ದರಿಂದ ಜೈನನಿಗೆ ಮಿತವ್ಯಯವು ಹಣದ ಪ್ರಶ್ನೆಯಾಗುವ ಮೊದಲು ಅಹಿಂಸೆಯ ಪ್ರಶ್ನೆ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೆಟ್ಟ ಬೋರ್ಡನ್ನು ಗುಜರಿಯ ಚೀಲಕ್ಕೆ ಹಾಕದೆ ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸುವುದನ್ನು ನಾನು ಆಚಾರದ ಒಂದು ಭಾಗವೆಂದೇ ತಿಳಿದಿದ್ದೇನೆ.

ಹಾಗೆಂದು ಯಂತ್ರವೇ ಬೇಡವೆನ್ನಬೇಕೆ? ಸಕಲ ಪರಿಗ್ರಹವನ್ನೂ ತೊರೆದ ದಿಗಂಬರ ಮುನಿಗೂ ಮೂರು ಉಪಕರಣಗಳಿಗೆ ಅನುಮತಿಯುಂಟು. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಉಪಕಾರಕ್ಕೆ ಒದಗುವಷ್ಟು ಮಾತ್ರ ಉಪಕರಣ, ಅದರಾಚೆಗೆ ಅದೇ ವಸ್ತು ಅಧಿಕರಣ, ಎಂದರೆ ಹಿಂಸೆಯ ನೆಲೆ, ಎಂಬ ವಿವೇಚನೆ ಶ್ವೇತಾಂಬರ ಪರಂಪರೆಯ ಓಘನಿರ್ಯುಕ್ತಿಯಲ್ಲಿದೆ. ಗ್ಯಾಜೆಟ್ ಎಂಬ ಪದಕ್ಕೆ ಕನ್ನಡದಲ್ಲಿ ಉಪಕರಣವೆಂದು ಬರೆಯುವಾಗಲೆಲ್ಲ ನನಗೆ ಈ ವಿವೇಚನೆ ನೆನಪಾಗುತ್ತದೆ. ವಸ್ತು ಅದೇ ಇದ್ದು, ಅದು ನಮ್ಮ ಕೆಲಸ ಮಾಡುತ್ತಿದೆಯೋ ನಾವು ಅದರ ಕೆಲಸ ಮಾಡುತ್ತಿದ್ದೇವೆಯೋ ಎಂಬುದರ ಮೇಲೆ ಅದರ ಹೆಸರು ಬದಲಾಗುತ್ತದೆ.

ಈ ವಿವೇಚನೆಗೆ ಇತ್ತೀಚೆಗೆ ಒಂದು ಪರೀಕ್ಷೆ ಒದಗಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೆಯ ಅಥವಾ ಅನಂತರದ ತಲೆಮಾರಿನ ಪ್ರೊಸೆಸರೂ ಬೇಕು. ನಾನು ಜೋಡಿಸಿಕೊಂಡಿದ್ದ ಯಂತ್ರ 6ನೆಯ ತಲೆಮಾರಿನದು. ಹೊಸದನ್ನು ಜೋಡಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಭಾಗಗಳ ಪಟ್ಟಿಯೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಆಗ ಒಂದು ಹಾಳೆಯಲ್ಲಿ ಯಂತ್ರದಿಂದ ನನಗಾಗಬೇಕಾದ ಕೆಲಸಗಳನ್ನು ಬರೆದೆ: ಬರವಣಿಗೆ, ಕರಡು ತಿದ್ದುವುದು, ಹಸ್ತಪ್ರತಿಗಳ ಚಿತ್ರಗಳನ್ನು ನೋಡುವುದು, ಮುದ್ರಿತ ಪುಟವನ್ನು ಪಠ್ಯವಾಗಿಸುವುದು. ಇವುಗಳಲ್ಲಿ ಯಾವುದೂ ಹೊಸ ಪ್ರೊಸೆಸರನ್ನು ಬೇಡುತ್ತಿರಲಿಲ್ಲ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು 8ರಿಂದ 16 ಜಿಬಿಗೆ ಏರಿಸಿ, ಲಿನಕ್ಸ್ ಅಳವಡಿಸಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನಮಗೆಲ್ಲ ಪರಿಚಿತವಾದ ಕೀಲಿಮಣೆ ಅದರಲ್ಲಿಯೂ ದೊರೆಯುತ್ತದೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡ ಪುಟಗಳನ್ನು ಓದಿ ಪಠ್ಯವಾಗಿಸುತ್ತದೆ. ಖರ್ಚಾದದ್ದು ಹೊಸ ಯಂತ್ರಕ್ಕೆ ಎಣಿಸಿದ್ದ ಹಣದ ಸಣ್ಣದೊಂದು ಪಾಲು. ಜೋಡಿಸುವ ಸಂತೋಷಕ್ಕೂ ಕೊರತೆಯಾಗಲಿಲ್ಲ. ಆ ಸಂತೋಷವಿರುವುದು ಕೈಕೆಲಸದಲ್ಲಿ. ಅದಕ್ಕೆ ವಸ್ತು ಹೊಸದೇ ಆಗಬೇಕಿಲ್ಲ.

ಎಲ್ಲ ಕಡೆಯೂ ಕೈ ಬಿಗಿಹಿಡಿಯುವುದು ಸರಿಯಲ್ಲವೆಂಬುದನ್ನೂ ಹೇಳಬೇಕು. ಧವಲಾ, ಜಯಧವಲಾಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಉಳಿದಿದ್ದವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಷ್ಟರೊಳಗೆ ಒಂದು ಬೆಂಕಿ, ಒಂದು ಗೆದ್ದಲ ಹುತ್ತ ಸಾಕಾಗಿತ್ತು. ಅವಕ್ಕೆ ಹೋಲಿಸಿದರೆ 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೃದಯವೈಶಾಲ್ಯ ಅರ್ಥವಾಗುತ್ತದೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅವಳು. ಒಂದು ಸಾವಿರ ಪ್ರತಿ ಎಂಬುದು ಮಿತವ್ಯಯದ ಸಂಖ್ಯೆಯಲ್ಲ. ಆದರೂ ಅದನ್ನು ಯಾರೂ ಪರಿಗ್ರಹವೆನ್ನುವುದಿಲ್ಲ, ಏಕೆಂದರೆ ಆ ಪ್ರತಿಗಳು ಅವಳ ಬಳಿ ಉಳಿಯಲಿಲ್ಲ. ನನ್ನಲ್ಲಿರುವ ಹಸ್ತಪ್ರತಿ ಚಿತ್ರಗಳಿಗೆ ಮೂರು ಪ್ರತಿಗಳನ್ನು ಇಟ್ಟಿದ್ದೇನೆ. ಒಂದು ಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ. ಡಿಸ್ಕಿನ ವಿಷಯದಲ್ಲಿ ಅಗ್ಗದ್ದನ್ನು ಹುಡುಕುವುದಿಲ್ಲ.

ಇಲ್ಲಿಯೂ ಎಚ್ಚರ ಬೇಕು. ಜೈನ ಪರಿಭಾಷೆಯಲ್ಲಿ ಗ್ರಂಥವೆಂದರೆ ಪುಸ್ತಕ ಮಾತ್ರವಲ್ಲ, ಗಂಟು, ಪರಿಗ್ರಹ ಎಂಬ ಅರ್ಥವೂ ಇದೆ, ಅದಿಲ್ಲದವನೇ ನಿರ್ಗ್ರಂಥ. ಓದದೆ ಇಳಿಸಿಕೊಂಡ ಸಾವಿರಾರು ಪಿಡಿಎಫ್‌ಗಳು ಜಾಗ ಹಿಡಿಯುವುದಿಲ್ಲ, ತೂಕವೂ ಇಲ್ಲ. ಗಂಟು ಎಂಬ ಅರ್ಥದಲ್ಲಿ ಅವು ಪರಿಪೂರ್ಣ ಗ್ರಂಥಗಳು.

ಮಿಕ್ಕ ಬಿಡಿಭಾಗಗಳ ಮಾತು. ಅವುಗಳಿಂದ ಒಂದು ಯಂತ್ರ ಜೋಡಿಸಿ ಎಂ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆ. ಬೇಡವಾದದ್ದನ್ನು ಸಾಗಹಾಕುವುದು ದಾನವಾಗದು. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ಫಲದಲ್ಲಿ ತಾರತಮ್ಯ ಬರುತ್ತದೆಂದು ತತ್ತ್ವಾರ್ಥಸೂತ್ರ ಹೇಳುವಲ್ಲಿ ದ್ರವ್ಯಕ್ಕೂ ಸ್ಥಾನವಿದೆ. ಹಾಗಾಗಿ ಅದಕ್ಕೆ ಹೊಸ ಎಸ್‌ಎಸ್‌ಡಿ, ಹೊಸ ಕೀಬೋರ್ಡು ಕೊಂಡು ಹಾಕಿ, ಒಂದು ವಾರ ನಾನೇ ಬಳಸಿ ನೋಡಿ ಕೊಟ್ಟದ್ದು. ಅವಳು ತನ್ನ ಸಂಪ್ರಬಂಧವನ್ನು ಅದರಲ್ಲಿಯೇ ಬರೆದು ಮುಗಿಸಿದಳು. ಶಾಸ್ತ್ರದಾನದ ಸಾಲಿಗೆ ಇದನ್ನು ಸೇರಿಸಬಹುದೆ ಎಂಬುದನ್ನು ಬಲ್ಲವರು ಹೇಳಬೇಕು.

ಶ್ರಾವಕಾಚಾರವು ಜೀವಮಾನದ ಮಿತಿಯನ್ನು ಯಮವೆಂದೂ, ಕಾಲಬದ್ಧ ಮಿತಿಯನ್ನು ನಿಯಮವೆಂದೂ ವಿಂಗಡಿಸುತ್ತದೆ. ತಂತ್ರಜ್ಞಾನದಂತಹ ಚಂಚಲ ವಿಷಯಕ್ಕೆ ನಿಯಮವೇ ತಕ್ಕದ್ದೆಂದು ನನ್ನ ಎಣಿಕೆ. ಆದುದರಿಂದ ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗದ ದಿನ ಪೆಟ್ಟಿಗೆಯನ್ನು ತೆರೆದು ಒಂದು ವರ್ಷದಿಂದ ಬಳಸದ್ದನ್ನು ಹೊರಗಿಡುತ್ತೇನೆ. ಮರುದಿನ, ಉತ್ತಮ ಆಕಿಂಚನ್ಯದಂದು, ಮುಂದಿನ ವರ್ಷದ ಪಟ್ಟಿ ಬರೆಯುತ್ತೇನೆ. ಸದ್ಯ ಅದರಲ್ಲಿರುವುದು ಬರವಣಿಗೆಗೆ ಒಂದು ಯಂತ್ರ, ಒಂದು ಮೊಬೈಲು, ಎರಡು ಬಾಹ್ಯ ಡಿಸ್ಕುಗಳು, ಬಿಡಿಭಾಗಗಳಿಗೆ ಒಂದೇ ಪೆಟ್ಟಿಗೆ. ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಪಟ್ಟಿಯ ಕೆಳಗೆ ಸ್ವಲ್ಪ ಜಾಗ ಬಿಟ್ಟು, ವರ್ಷದಲ್ಲಿ ಬೇಕೆನಿಸಿಯೂ ಕೊಳ್ಳದೆ ಬಿಟ್ಟ ವಸ್ತುಗಳ ಹೆಸರನ್ನೂ ಬರೆದಿಡುತ್ತೇನೆ. ವರ್ಷ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಏಕೆ ಬೇಕೆನಿಸಿದ್ದವೆಂಬುದೇ ನೆನಪಿಗೆ ಬರುವುದಿಲ್ಲ.