ಬಾಟಲಿಯೊಳಗಿನ ಉಸಿರು ಯಾರದು?

ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿ ನೋಡದ ಮಕ್ಕಳು ಕಡಿಮೆ. ಅಮ್ಮ ಗದರಿದರೆ ಸದ್ದು ಅಲ್ಲಿಗೇ ನಿಲ್ಲುತ್ತದೆ. ಆದರೆ ಅಂಥದೇ ಒಂದು ಸದ್ದು 1973ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಧ್ವನಿಮುದ್ರಣಗೊಂಡು ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಹರ್ಬಿ ಹ್ಯಾನ್‌ಕಾಕ್ ಮತ್ತು ಸಂಗಡಿಗರ ‘ಹೆಡ್ ಹಂಟರ್ಸ್’ ಆಲ್ಬಂನ ಕಥೆ ಇದು.

ಹ್ಯಾನ್‌ಕಾಕ್ ಹುಟ್ಟಿದ್ದು 1940ರಲ್ಲಿ, ಶಿಕಾಗೊದಲ್ಲಿ. 11ನೆಯ ವಯಸ್ಸಿಗೇ ಆ ನಗರದ ಪ್ರಸಿದ್ಧ ವಾದ್ಯವೃಂದದೊಡನೆ ಮೊಜಾರ್ಟ್‌ನ ಕೃತಿ ನುಡಿಸಿದ ಹುಡುಗ. ಕಾಲೇಜಿನಲ್ಲಿ ಮೊದಲು ಹಿಡಿದದ್ದು ಇಂಜಿನಿಯರಿಂಗ್, ಆಮೇಲೆ ಹೊರಳಿದ್ದು ಸಂಗೀತಕ್ಕೆ. ಹಾಗೆಂದು ಮೊದಲ ಓದು ದಂಡವಾಗಲಿಲ್ಲ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಬಂದಾಗ, ಜಾಜ್‌ನ ಅನೇಕರು ಮೂಗು ಮುರಿದರೆ, ಇವರು ಅದರ ಗುಂಡಿಗಳನ್ನು ತಿರುಗಿಸುತ್ತಾ ಕುಳಿತರು.

‘ಹೆಡ್ ಹಂಟರ್ಸ್’ನಲ್ಲಿ ಇರುವುದು ನಾಲ್ಕೇ ಕೃತಿಗಳು, ನುಡಿಸಿದವರು ಐವರು. ಬಾಸ್ ಗಿಟಾರ್‌ಗೆ ಪಾಲ್ ಜಾಕ್ಸನ್, ಡ್ರಮ್ಸ್‌ಗೆ ಹಾರ್ವಿ ಮೇಸನ್, ಸ್ಯಾಕ್ಸೊಫೋನಿಗೆ ಬೆನ್ನಿ ಮಾಪಿನ್, ಇತರ ತಾಳವಾದ್ಯಗಳಿಗೆ ಬಿಲ್ ಸಮ್ಮರ್ಸ್. ಜಾಜ್‌ನ ಮನೋಧರ್ಮಕ್ಕೆ, ಕಾಲು ಕುಣಿಸುವ ಫಂಕ್ ಲಯ ಸೇರಿತು. ‘ಕಮೀಲಿಯನ್’, ಎಂದರೆ ಗೋಸುಂಬೆ, ಎಂಬ ಮೊದಲ ಕೃತಿ 15 ನಿಮಿಷಕ್ಕೂ ಉದ್ದ. ಅದರ ಆರಂಭದ ಮಂದ್ರ ನಡಿಗೆ ಗಿಟಾರಿನದಲ್ಲ, ಹ್ಯಾನ್‌ಕಾಕ್‌ರ ಸಿಂಥಸೈಜರಿನದು. ಹೆಸರಿಗೆ ತಕ್ಕ ಬಣ್ಣ! ಈ ಕೃತಿಯ ಕರ್ತೃಗಳೆಂದು ನಾಲ್ವರ ಹೆಸರೂ ಅಚ್ಚಾಗಿದೆ. ಒಟ್ಟಿಗೆ ಕಟ್ಟಿದ್ದನ್ನು ನಾಯಕ ಒಬ್ಬನೇ ನುಂಗಲಿಲ್ಲ.

ಎರಡನೆಯದು ‘ವಾಟರ್‌ಮೆಲನ್ ಮ್ಯಾನ್’. ಬಾಲ್ಯದಲ್ಲಿ ಕಂಡ ಕಲ್ಲಂಗಡಿ ಮಾರುವವನ ಗಾಡಿಯನ್ನು ನೆನೆದು ಹ್ಯಾನ್‌ಕಾಕ್ 1962ರಲ್ಲೇ ಹೊರತಂದಿದ್ದ ಧಾಟಿ ಅದು. ಈಗ ಅದಕ್ಕೆ ಹೊಸ ಉಡುಗೆ ತೊಡಿಸಲಾಯಿತು. ಆರಂಭದಲ್ಲಿ ಸಮ್ಮರ್ಸ್ ಬಿಯರ್ ಬಾಟಲಿ ಊದುತ್ತಾರೆ, ನಡುನಡುವೆ ಕಂಠದಿಂದ ಸ್ವರ ಹೊರಡಿಸುತ್ತಾರೆ. ಉಸಿರೂ ದನಿಯೂ ಒಂದನ್ನೊಂದು ಅಟ್ಟಿಸಿಕೊಂಡು ಹೋದಂತೆ ಕೇಳಿಸುತ್ತದೆ.

ಈ ಜಾಣ್ಮೆ ಮಧ್ಯ ಆಫ್ರಿಕಾದ ಕಾಡಿನ ಬಾ-ಬೆಂಜೆಲೆ ಜನರದು. ಅವರು ಊದುವುದು ಪರಂಗಿ ದಂಟಿನ ಪೀಪಿ. ನಮ್ಮ ಹಳ್ಳಿಯ ಹುಡುಗರೂ ಬಲ್ಲದ್ದೇ. ಪೀಪಿಗೆ ಇರುವುದು ಒಂದೇ ಸ್ವರ, ಉಳಿದವನ್ನು ಗಂಟಲು ತುಂಬುತ್ತದೆ. ‘ಹಿಂಡೆಹು’ ಎಂಬ ಅದರ ಹೆಸರೇ ಆ ಸದ್ದಿನ ಅನುಕರಣೆ. ಸಂಶೋಧಕ ಸಿಮ್ಹಾ ಅರೋಮ್ ಮತ್ತು ಜೊತೆಗಾರರು ಇದನ್ನು ಧ್ವನಿಮುದ್ರಿಸಿ 1966ರಲ್ಲಿ ಹೊರತಂದ ತಟ್ಟೆಯೇ ಅಮೆರಿಕದ ಬಾಟಲಿಗೆ ಗುರುವಾದದ್ದು.

‘ಹೆಡ್ ಹಂಟರ್ಸ್’ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2007ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆದರೆ ಕಾಡಿನವರ ಪಾಲು? ಸಂಶೋಧಕ ಸ್ಟೀವನ್ ಫೆಲ್ಡ್ ಈ ಪ್ರಶ್ನೆಯನ್ನು ಹ್ಯಾನ್‌ಕಾಕ್‌ರ ಮುಂದೆಯೇ ಇಟ್ಟಿದ್ದರು. ಇದು ಅಣ್ಣತಮ್ಮಂದಿರ ನಡುವಿನ ವ್ಯವಹಾರ ಎಂಬ ಅರ್ಥದ ಉತ್ತರ ಬಂತು. ಹಡಗುಗಳಲ್ಲಿ ಕದ್ದೊಯ್ಯಲ್ಪಟ್ಟವರ ಮೊಮ್ಮಕ್ಕಳು ಆಫ್ರಿಕಾದ ಕಡೆಗೆ ಕೈಚಾಚಿದರೆ ಕಳ್ಳತನವೆನ್ನುವುದು ಹೇಗೆ? ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂದು ತಳ್ಳಿಹಾಕುವಷ್ಟು ಸರಳವಲ್ಲ ಇದು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1994ರಲ್ಲಿ ಮಡೋನಾ ತಮ್ಮ ‘ಸ್ಯಾಂಕ್ಚುವರಿ’ ಹಾಡಿನಲ್ಲಿ ಈ ‘ವಾಟರ್‌ಮೆಲನ್ ಮ್ಯಾನ್’ನ ತುಣುಕನ್ನು ಬಳಸಿದರು. ಹಾಡಿನ ಕರ್ತೃಗಳ ಸಾಲಿಗೆ ಹ್ಯಾನ್‌ಕಾಕ್ ಹೆಸರು ಸೇರಿತು. ಬಾ-ಬೆಂಜೆಲೆ ಜನರ ಹೆಸರು ಸೇರಲಿಲ್ಲ. ಬಾಂಧವ್ಯದ ಮಾತಿನಲ್ಲಿ ಎರವಲು ಬಂದದ್ದು ಎರಡನೆಯ ಕೈಗೆ ದಾಟುವ ಹೊತ್ತಿಗೆ ಕಾನೂನಿನ ಸೊತ್ತಾಗಿತ್ತು. ಮೊದಲ ಮನೆ ಮಾತ್ರ ಲೆಕ್ಕದಿಂದ ಬಿಟ್ಟುಹೋಗಿತ್ತು.

ಎರವಲು ಇಲ್ಲದೆ ಕಲೆಯಿಲ್ಲ, ವಿದ್ಯೆಯೂ ಇಲ್ಲ. ಪಕ್ಕದವರ ನೋಟ್ಸ್ ನೋಡದೆ ಪರೀಕ್ಷೆ ದಾಟಿದವರು ಎಷ್ಟು ಮಂದಿ? ಬೇಕಾದದ್ದನ್ನು ಕ್ಷಣದಲ್ಲಿ ನಕಲಿಸಿಕೊಳ್ಳಬಹುದಾದ ಈ ಕಾಲದಲ್ಲಿ, ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ‘ಇದು ಇಂಥವರಿಂದ ಪಡೆದದ್ದು’ ಎಂದು ಬರೆಯಲು ಬೇಕಾದದ್ದು ಒಂದು ಸಾಲಿನ ಶಾಯಿ. ಅಂಕ ಕಡಿಮೆಯಾದೀತೆಂಬ ಅಂಜಿಕೆಯಲ್ಲಿ ಮಕ್ಕಳು ಅದನ್ನು ಬಿಟ್ಟರೆ, ಬರೆಯೆಂದು ಹೇಳಬೇಕಾದವರು ಮನೆಯ ಹಿರಿಯರೇ ಅಲ್ಲವೆ?