ಅಂಕಿಗಳ ಸ್ವೇಚ್ಛೆ

ನಿಯಮಕ್ಕೆ ದಾಸನಾಗಿಯೇ ಹುಟ್ಟಿದ ಗಣಕಯಂತ್ರದಿಂದ ಸ್ವೇಚ್ಛೆಯ ಮಾತನ್ನಾಡಿಸುವುದಕ್ಕಿಂತ ರಸವತ್ತಾದ ವಿನೋದವನ್ನು ನಾನು ಕಾಣೆನು. ಕೆಲವರಿಗೆ ಚದುರಂಗ, ಕೆಲವರಿಗೆ ಪದಬಂಧ; ನನಗೋ, ರಾತ್ರಿಯ ಊಟ ಮುಗಿದ ಮೇಲೆ ನಾಲ್ಕಾರು ಸಾಲಿನ ಪ್ರೋಗ್ರಾಮೊಂದನ್ನು ಬರೆದು, ಅದು ಯಾದೃಚ್ಛಿಕವೆಂಬಂತೆ ತೋರುವ ಅಂಕಿಗಳನ್ನು ಒಂದರ ಹಿಂದೊಂದು ಚೆಲ್ಲುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದುದೇ ತಿಳಿಯದು.

ಈ ಕಲೆಯ ಆದ್ಯರಲ್ಲೊಬ್ಬನಾದ ಜಾನ್ ವಾನ್ ನ್ಯೂಮನ್ 1940ರ ದಶಕದಲ್ಲಿ ಸೂಚಿಸಿದ ಉಪಾಯ ಎಷ್ಟು ಸರಳವೋ ಅಷ್ಟೇ ಮೋಹಕ: ನಾಲ್ಕಂಕಿಯ ಸಂಖ್ಯೆಯೊಂದರ ವರ್ಗವನ್ನು ಎಂಟಂಕಿಯಾಗಿ ಬರೆದು, ನಡುವಣ ನಾಲ್ಕನ್ನು ಎತ್ತಿಕೊಂಡು, ಅದನ್ನೇ ಮತ್ತೆ ವರ್ಗಿಸುತ್ತ ಹೋಗುವುದು. 1234ರಿಂದ ಹೊರಟರೆ 5227, ಆಮೇಲೆ 3215, ಆಮೇಲೆ 3362; ಮುಂದಿನದನ್ನು ಊಹಿಸುವ ಧೈರ್ಯ ಯಾರಿಗುಂಟು? ಆದರೆ 6100ನ್ನು ಮುಟ್ಟಿತೋ, 2100, 4100, 8100 ಎಂದು ಗಾಣದೆತ್ತಿನಂತೆ ಸುತ್ತಿ ಮತ್ತೆ 6100ಕ್ಕೇ ಬರುತ್ತದೆ. 3792ರ ಪಾಡಂತೂ ಇನ್ನೂ ವಿಚಿತ್ರ, ಅದರ ವರ್ಗವಾದ 14379264ರ ನಡುವೆ 3792 ತಾನೇ ಕುಳಿತಿರುವುದರಿಂದ ಮುಂದೆ ಹೆಜ್ಜೆಯೇ ಇಲ್ಲ. ಅಂಕಗಣಿತದಿಂದ ಯದೃಚ್ಛೆಯನ್ನು ಪಡೆಯಹೊರಡುವವನು ಪಾಪಕ್ಕೆ ಗುರಿಯೆಂದು ಆತನೇ ಪರಿಹಾಸ ಮಾಡಿದ್ದುಂಟು.

ಆ ಪಾಪವನ್ನು ಶಾಸ್ತ್ರೋಕ್ತವಾಗಿ ಮಾಡುವ ಬಗೆಯನ್ನು ಡಿ. ಎಚ್. ಲೆಹ್ಮರ್ 1949ರಲ್ಲಿ ಮಂಡಿಸಿದನು. ಗುಣಿಸು, ಭಾಗಿಸು, ಶೇಷವನ್ನು ಉಳಿಸಿಕೋ, ಇಷ್ಟೇ ವಿಧಿ. 1ರಿಂದ ಹೊರಟು ಪ್ರತಿಸಲವೂ 3ರಿಂದ ಗುಣಿಸಿ 7ರಿಂದ ಭಾಗಿಸಿದರೆ 3, 2, 6, 4, 5 ಎಂದು ಸೊನ್ನೆಯ ಹೊರತು ಯಾವ ಶೇಷವನ್ನೂ ಬಿಡದೆ ಸಂಚರಿಸಿ 1ಕ್ಕೆ ಮರಳುತ್ತೇವೆ. ಗುಣಕವು 2 ಆಯಿತೆಂದರೆ 2, 4, ಮತ್ತೆ 1, ಮೂರೇ ಹೆಜ್ಜೆಗೆ ಆಟ ಮುಗಿಯಿತು. ಗುಣಕವನ್ನು ಆಯುವುದರಲ್ಲಿಯೇ ಕುಶಲತೆಯೆಲ್ಲ ಅಡಗಿದೆ. 1960ರ ದಶಕದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ರ‍್ಯಾಂಡು ಎಂಬ ವಿಧಾನದ ಗುಣಕ 65539. ಸಾಲಾಗಿ ಓದಿದರೆ ನಿಷ್ಕಳಂಕವಾಗಿ ತೋರುವ ಅದರ ಸಂಖ್ಯೆಗಳನ್ನು ಮೂರು ಮೂರಾಗಿ ಹಿಡಿದು ಆಕಾಶದಲ್ಲಿ ಬಿಂದುಗಳಾಗಿ ಇಟ್ಟರೆ, ಅವೆಲ್ಲವೂ ಕೇವಲ 15 ಸಮತಲಗಳ ಮೇಲೆ ಶಿಸ್ತಾಗಿ ಬಂದು ಕೂರುತ್ತವೆ.

ಆದರೂ ಈ ಕೃತಕ ಯದೃಚ್ಛೆಗೆ ನಿಜವಾದ ದಾಳಕ್ಕಿಲ್ಲದ ಒಂದು ಸೌಭಾಗ್ಯವುಂಟು. ಧರ್ಮರಾಯನು ಸೋತ ದ್ಯೂತವನ್ನು ಗರ ಗರವೂ ಅದೇ ಕ್ರಮದಲ್ಲಿ ಬೀಳುವಂತೆ ಇನ್ನೊಮ್ಮೆ ಆಡಿಸಿ, ಕೇಡು ಎಲ್ಲಿ ಮೊದಲಾಯಿತೆಂದು ಪರೀಕ್ಷಿಸುವಂತಿರಲಿಲ್ಲ. ನಮಗಾದರೋ, ಹೊರಟ ಮೊದಲ ಸಂಖ್ಯೆಯನ್ನು, ಎಂದರೆ ಬೀಜಸಂಖ್ಯೆಯನ್ನು, ನೆನಪಿಟ್ಟುಕೊಂಡರೆ ಸಾವಿರ ಆಕಸ್ಮಿಕಗಳೂ ಅದೇ ಅನುಕ್ರಮದಲ್ಲಿ ಮರಳಿ ಬಂದು ಪ್ರೋಗ್ರಾಮಿನ ದೋಷದ ಮನೆಯನ್ನು ತೋರಿಸಿಕೊಡುತ್ತವೆ. ಈ ಗುಣವೇ ಗುಟ್ಟಿನ ಕೀಲಿಗಳ ವಿಷಯದಲ್ಲಿ ಅವಗುಣವಾಗುವುದರಿಂದ ಅಲ್ಲಿ ಇವುಗಳನ್ನು ನೆಚ್ಚಲಾಗದು, ನಿಜ. ಆದರೆ ವಿನೋದಕ್ಕೂ ವಿಚಾರಕ್ಕೂ, ಕರೆದಾಗ ಮರಳಿ ಬರುವ ಅದೃಷ್ಟಕ್ಕಿಂತ ಒಳ್ಳೆಯ ಸಂಗಾತಿ ಬೇರೆ ಯಾವುದು?