ಕೊನೆಯಲ್ಲಿ ನಿಂತವನ ಬೆಲೆ

ನಮ್ಮ ಕನ್ನಡ ಬಳಗದ ಶನಿವಾರದ ಚರ್ಚಾಕೂಟಕ್ಕೆ ವಿಷಯ ಆರಿಸುವುದು ಚೀಟಿ ಎತ್ತಿ. ಯಾರು ಏನು ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದು. ಸಾಧಾರಣವಾಗಿ ಬರುವ ಚೀಟಿಗಳು ನಿಮಗೂ ಗೊತ್ತು: ‘ಮುಂಬಯಿ ಕನ್ನಡಿಗರು ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಬೇಕೇ?’, ‘ಕವಿತೆಗೆ ಪ್ರಾಸ ಬೇಕೇ?’ ಇತ್ಯಾದಿ. ಈ ಸಲ ಎದ್ದ ಚೀಟಿಯನ್ನು ಓದಿ ನಮ್ಮ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ‘ಫುಟ್‌ಬಾಲ್ ತಂಡವೊಂದು ಹೆಸರಾಂತ ಸೇಫ್ಟಿಯನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಳ್ಳಬೇಕೇ?’ ಹಿಂದಿನ ಬೆಂಚಿನಿಂದ ಯಾರೋ, “ಸೇಫ್ಟಿ ಪಿನ್ನೋ, ಸೇಫ್ಟಿ ಬೆಲ್ಟೋ?” ಅಂದರು. ಸಭೆ ಐದು ನಿಮಿಷ ನಕ್ಕಿತು.

ಚೀಟಿ ಹಾಕಿದವನು ಐರೋಲಿಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುವ ನಮ್ಮ ಗೆಳೆಯ. ಅಮೆರಿಕದವರ ಲೆಕ್ಕಪತ್ರ ನೋಡುವ ಆಫೀಸು. ಅಲ್ಲಿನವರೊಡನೆ ಫೋನಿನಲ್ಲಿ ನಾಲ್ಕು ಮಾತಾಡಬೇಕಾದರೆ ಅವರ ಫುಟ್‌ಬಾಲು ತಿಳಿದಿರಬೇಕಂತೆ. ಹಾಗೆಂದು ಕಲಿಯಹೊರಟವನು ಈಗ ಅದರ ಹುಚ್ಚನೇ ಆಗಿದ್ದಾನೆ. “ವಿಷಯ ಬದಲಿಸೋದು ಬೇಡ, ಚೀಟಿ ಅಂದ್ರೆ ಚೀಟಿ” ಎಂದು ಕಾರ್ಯದರ್ಶಿಗಳು ತೀರ್ಪು ಕೊಟ್ಟರು. ಕನ್ನಡ ಎಂ.ಎ. ಓದುವ ಅಕ್ಕ ಒಬ್ಬರು ಪರವಾಗಿ ಮಾತಾಡಲು ಒಪ್ಪಿದರು. ವಿರೋಧಕ್ಕೆ ಯಾರೂ ಏಳಲಿಲ್ಲ. “ನೀನು ಕಾಮರ್ಸು, ಲಾಭ ನಷ್ಟ ನಿಂಗೆ ಗೊತ್ತು” ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ತಯಾರಿಗೆ ಒಂದು ವಾರ.

ಆಟದ ವಿಚಾರ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಿನಲ್ಲಿ ಆಡುವ ನಮ್ಮ ಫುಟ್‌ಬಾಲಲ್ಲ. ಮೊಟ್ಟೆಯಾಕಾರದ ಚೆಂಡು, ನೂರು ಗಜದ ಅಂಗಣ, ಕಡೆಗೆ ಹನ್ನೊಂದು ಜನ. ಚೆಂಡು ಇದ್ದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್, ಎಲ್ಲರ ಕಣ್ಣೂ ಅವನ ಮೇಲೆ. ತಡೆಯುವ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು ಸೇಫ್ಟಿ. ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಮುಂದಿನವರೆಲ್ಲ ಸರಿಯಾಗಿ ಆಡಿದರೆ ಸೇಫ್ಟಿಯ ಹೆಸರೇ ಬರುವುದಿಲ್ಲ. ಎಲ್ಲರೂ ತಪ್ಪಿದಾಗ ಇವನು ಹಿಡಿಯಬೇಕು. ಇವನೂ ತಪ್ಪಿದರೆ ಎದುರಾಳಿ ನೇರವಾಗಿ ಗೆರೆ ದಾಟುತ್ತಾನೆ, ಆಗ ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುವುದು ಇವನ ಬೆನ್ನನ್ನೇ.

ಇನ್ನು ಡ್ರಾಫ್ಟ್. ಕಾಲೇಜಿನಲ್ಲಿ ಆಡಿ ಬಂದ ಹೊಸ ಹುಡುಗರನ್ನು 32 ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಪದ್ಧತಿ, 1936ರಿಂದ ನಡೆದು ಬಂದದ್ದು. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಒಟ್ಟು ಏಳು ಸುತ್ತು. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಗುರುವಾರ ರಾತ್ರಿ ಎಂಟಕ್ಕೆ ಶುರುವಾದರೆ ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ ಐದೂವರೆ.

ಒಂದು ವಾರ ಗೆಳೆಯನ ತಲೆ ತಿಂದು ನಾನು ಲೆಕ್ಕ ಹಾಕಿಕೊಂಡೆ. ಶನಿವಾರ ಎದ್ದು ನಿಂತು ಹೇಳಿದ್ದು ಇಷ್ಟು:

ತಂಡವೊಂದು ಆಟಗಾರರ ಸಂಬಳಕ್ಕೆ ಮನಸ್ಸಿಗೆ ಬಂದಷ್ಟು ಖರ್ಚು ಮಾಡುವಂತಿಲ್ಲ. 1994ರಿಂದ ಅದಕ್ಕೆ ಮಿತಿ ಇದೆ. 2024ರಲ್ಲಿ ಅದು ತಂಡಕ್ಕೆ 25 ಕೋಟಿ 54 ಲಕ್ಷ ಡಾಲರು. ಜೊತೆಗೆ 2011ರ ಒಪ್ಪಂದದ ನಂತರ ಹೊಸಬನ ಸಂಬಳ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ನಿಗದಿಯಾಗುತ್ತದೆ, ಅವನು ಯಾವ ಜಾಗದಲ್ಲಿ ಆಡುತ್ತಾನೆ ಎಂಬುದರ ಮೇಲಲ್ಲ. ಐದನೆಯವನಾಗಿ ಸೇಫ್ಟಿ ಬಂದರೂ ಕ್ವಾರ್ಟರ್‌ಬ್ಯಾಕ್ ಬಂದರೂ ಮೊದಲ ನಾಲ್ಕು ವರ್ಷದ ಖರ್ಚು ಸುಮಾರು ಒಂದೇ. ಆದರೆ ಪೇಟೆಯಲ್ಲಿ ಪಳಗಿದ ಕ್ವಾರ್ಟರ್‌ಬ್ಯಾಕಿನ ದರ ಏನು? 2024ರಲ್ಲಿ ಡ್ಯಾಕ್ ಪ್ರೆಸ್ಕಾಟ್ ಮಾಡಿಕೊಂಡ ಕರಾರು ವರ್ಷಕ್ಕೆ 6 ಕೋಟಿ ಡಾಲರು. ಸೇಫ್ಟಿಗಳಲ್ಲಿ ದೊಡ್ಡ ಕರಾರು ಎನಿಸಿಕೊಂಡ, 2025ರ ಕೈಲ್ ಹ್ಯಾಮಿಲ್ಟನ್ನನದು ನಾಲ್ಕು ವರ್ಷಕ್ಕೆ 10 ಕೋಟಿ 4 ಲಕ್ಷ. ಅಂದರೆ ವರ್ಷಕ್ಕೆ ಎರಡೂವರೆ ಕೋಟಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನಿಗೆ ನಿಮ್ಮ ಅಮೂಲ್ಯವಾದ ಸರದಿಯನ್ನು ಯಾಕೆ ಖರ್ಚು ಮಾಡುತ್ತೀರಿ?

ಉದಾಹರಣೆಗೆ 2017. ನ್ಯೂಯಾರ್ಕ್ ಜೆಟ್ಸ್ ತಂಡ ಆರನೆಯ ಸರದಿಯಲ್ಲಿ ಜಮಾಲ್ ಆಡಮ್ಸ್ ಎಂಬ ಸೇಫ್ಟಿಯನ್ನು ಆರಿಸಿತು. ಒಳ್ಳೆಯ ಆಟಗಾರನೇ, ಸುಳ್ಳಲ್ಲ. ಆದರೆ ಅದೇ ವರ್ಷ ಹತ್ತನೆಯ ಸರದಿಯಲ್ಲಿ ಕ್ಯಾನ್ಸಸ್ ಸಿಟಿ ಆರಿಸಿದ್ದು ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಅವನು ತನ್ನ ತಂಡಕ್ಕೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟ. ಒಂದನ್ನು ಆರಿಸಿದಾಗ ಕೈಬಿಟ್ಟದ್ದೂ ಖರ್ಚೇ ಎಂದು ನಮ್ಮ ಅರ್ಥಶಾಸ್ತ್ರ ಹೇಳುತ್ತದೆ. ಮುಂದೆ 2020ರಲ್ಲಿ ಸಿಯಾಟಲ್ ತಂಡ ಇದೇ ಆಡಮ್ಸ್‌ಗಾಗಿ ಎರಡು ವರ್ಷದ ಮೊದಲ ಸುತ್ತಿನ ಸರದಿ, ಒಂದು ಮೂರನೆಯ ಸುತ್ತಿನ ಸರದಿ, ಮೇಲೆ ಒಬ್ಬ ಆಟಗಾರ, ಇಷ್ಟನ್ನೂ ತೆತ್ತಿತು. ಮರುವರ್ಷ 7 ಕೋಟಿ ಡಾಲರಿನ ಕರಾರು ಬೇರೆ. 2022ರ ಮೊದಲ ಪಂದ್ಯದಲ್ಲೇ ಕಾಲಿಗೆ ದೊಡ್ಡ ಪೆಟ್ಟಾಯಿತು. 2024ರಲ್ಲಿ ತಂಡ ಅವನನ್ನು ಬಿಟ್ಟುಕೊಟ್ಟಿತು.

ಅಕ್ಕನವರೇನೂ ಸುಮ್ಮನೆ ಕೂರಲಿಲ್ಲ. ಎಡ್ ರೀಡ್, ಟ್ರಾಯ್ ಪೊಲಮಾಲು ಎಂದು ಹೆಸರು ಹೇಳಿದರು. ಪೊಲಮಾಲುವನ್ನು ಪಡೆಯಲು 2003ರಲ್ಲಿ ಪಿಟ್ಸ್‌ಬರ್ಗ್ ತಂಡ ಮೂರು ಸರದಿಗಳನ್ನು ಕೊಟ್ಟು 27ರಿಂದ 16ಕ್ಕೆ ಏರಿತು. ಇಬ್ಬರೂ ಮುಂದೆ ಆಟದ ಕೀರ್ತಿಭವನಕ್ಕೆ ಸೇರಿದರು ಎಂದರು. ನಾನು ಕೂಡಲೇ ಹಿಡಿದುಕೊಂಡೆ. “ಸರಿಯಾಗಿ ಹೇಳಿದಿರಿ! ರೀಡ್ ಸಿಕ್ಕಿದ್ದು 24ರಲ್ಲಿ, ಪೊಲಮಾಲು 16ರಲ್ಲಿ, ಬ್ರಯಾನ್ ಡಾಕಿನ್ಸ್ 61ರಲ್ಲಿ. ಮಹಾಮಹಾ ಸೇಫ್ಟಿಗಳೇ ಕಾದರೆ ಸಿಗುತ್ತಾರೆ ಎಂದ ಮೇಲೆ ಅವಸರ ಯಾಕೆ?” ಚಪ್ಪಾಳೆ ಬಿತ್ತು. ಅಕ್ಕ ಮತ್ತೆ ಎದ್ದು, “ಹಾಗಾದರೆ ಕೈಲ್ ಹ್ಯಾಮಿಲ್ಟನ್?” ಎಂದು ಬಾಯಿ ತೆರೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಹುಮಾನದ ಪುಸ್ತಕ ನನಗೆ ಬಂತು. ಆ ಗಂಟೆ ಹೊಡೆಯದಿದ್ದರೆ ಏನಾಗುತ್ತಿತ್ತೋ, ಅದು ನನಗೊಬ್ಬನಿಗೇ ಗೊತ್ತಿತ್ತು.

ಮನೆಗೆ ಬಂದು ಪುಸ್ತಕ ತೋರಿಸಿದೆ. ಅಪ್ಪಯ್ಯನಿಗೆ ಅಂದು ಬೇಗ ರಜೆ. ಅವರು ಒಂದು ಉಡುಪಿ ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುತ್ತಾರೆ. ಬೆಳಗಿನ ನಾಲ್ಕಕ್ಕೆ ಹೋಗಿ ಹಾಲು ಅಳೆದುಕೊಳ್ಳುವುದು, ತರಕಾರಿ ನೋಡುವುದು, ಬೇಳೆ ಮೂಸಿ ನೋಡುವುದು, ಯಾವ ಸಿಲಿಂಡರು ಎಷ್ಟು ದಿನ ಬಂತು ಎಂದು ಬರೆದಿಡುವುದು. “ಎಂತ ಮಾತಾಡಿದ್ದಪ್ಪ? ಹೇಳು ಕಾಂಬ” ಅಂದರು. ನಾನು ಉತ್ಸಾಹದಿಂದ ಪೂರ್ತಿ ಭಾಷಣ ಒಪ್ಪಿಸಿದೆ. ಅವರು ಚಾ ಕುಡಿಯುತ್ತಾ ಕೇಳಿದರು.

“ಆ ಕೊನೆಯ ಹೆಸರು ಎಂತದು? ಗಂಟೆ ಹೊಡೆದದ್ದು?”

ಹೇಳಬೇಕಾಯಿತು. ಹ್ಯಾಮಿಲ್ಟನ್ ಆರಡಿ ನಾಲ್ಕಂಗುಲದ ಆಳು. 2022ರ ಡ್ರಾಫ್ಟಿಗೆ ಮುಂಚೆ ಎಲ್ಲರೂ ಅವನನ್ನು ಹೊಗಳುವವರೇ. ನಲವತ್ತು ಗಜದ ಓಟಕ್ಕೆ 4.59 ಸೆಕೆಂಡು ತೆಗೆದುಕೊಂಡ. ನಿಧಾನವಾಯಿತು ಎಂದು ಮಾತು ಶುರುವಾಯಿತು. ಸೇಫ್ಟಿಗೆ ಅಷ್ಟು ಮೇಲಿನ ಸರದಿ ಯಾಕೆ ಎಂಬ ವಾದವೂ ಸೇರಿಕೊಂಡಿತು. ಹೀಗೆ ಜಾರಿ ಜಾರಿ 14ಕ್ಕೆ ಬಂದ. ಅಲ್ಲಿ ಬಾಲ್ಟಿಮೋರ್ ತಂಡ ಅವನನ್ನು ಆರಿಸಿತು. ತಮಾಷೆಯೆಂದರೆ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಆ ತಂಡ ಇನ್ನೊಬ್ಬ ಸೇಫ್ಟಿಗೆ ಐದು ವರ್ಷಕ್ಕೆ 7 ಕೋಟಿ ಡಾಲರು ಕೊಟ್ಟು ತಂದಿತ್ತು. ಹೀಗಿದ್ದೂ ಇವನನ್ನು ತೆಗೆದುಕೊಂಡಿತು. ಆಮೇಲೆ ಅವನನ್ನು ಒಂದೇ ಕಡೆ ನಿಲ್ಲಿಸಲಿಲ್ಲ. ಹಿಂದೆ, ನಡುವೆ, ಮುಂದೆ, ಬೇಕಾದಲ್ಲಿ ನಿಲ್ಲಿಸಿದರು. 2023ರಲ್ಲಿ ಒಂದೇ ಪಂದ್ಯದಲ್ಲಿ ಮೂರು ಸಲ ಎದುರಾಳಿಯ ಕ್ವಾರ್ಟರ್‌ಬ್ಯಾಕನ್ನೇ ಕೆಡವಿದ. ಆ ಪಂದ್ಯ ಅವರು ಸೋತರು ಅನ್ನುವುದು ಬೇರೆ ಮಾತು. ಆದರೆ ಆ ವರ್ಷ ಎಲ್ಲರಿಗಿಂತ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಬಾಲ್ಟಿಮೋರ್.

ಅಪ್ಪಯ್ಯ ಲೋಟ ಕೆಳಗಿಟ್ಟರು. “ಅಲ್ಲ ಮಗಾ, ಅವ ಹಿಡಿದದ್ದು ಬರೆದಿಡ್ತಾರೆ. ಅವ ಅಲ್ಲಿ ನಿಂತಿದ್ದಾನೆ ಅಂತ ಆಚೆಯವರು ಚೆಂಡು ಎಸೆಯದೇ ಬಿಟ್ಟದ್ದು ಎಲ್ಲಿ ಬರೀತಾರೆ?”

ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಖ ಎತ್ತಿ ನೋಡಲಿಕ್ಕೆ ಧೈರ್ಯವೂ ಇರಲಿಲ್ಲ. ಯಾಕೆಂದು ಈಗ ಹೇಳುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಹೋಟೆಲಿನ ಹಳೆಯ ಧಣಿಗಳಿಗೆ ವಯಸ್ಸಾಯಿತು. ಈಗ ಮಗ ನೋಡಿಕೊಳ್ಳುತ್ತಾರೆ. ಒಳ್ಳೆಯವರೇ, ಓದಿದವರು. ಎರಡು ತಿಂಗಳ ಹಿಂದೆ ನನ್ನನ್ನು ಕರೆದು, “ನೀನು ಬಿ.ಕಾಂ. ಅಲ್ವಾ, ನಮ್ಮ ಸಂಬಳದ ಖರ್ಚನ್ನು ಒಂದು ಶೀಟು ಮಾಡಿಕೊಡು, ಯಾವ ಕೆಲಸದಿಂದ ದುಡ್ಡು ಬರ್ತದೆ, ಯಾವುದರಿಂದ ಇಲ್ಲ ಅಂತ ನೋಡ್ಬೇಕು” ಅಂದರು. ಕೈಖರ್ಚಿಗೆ ಕಾಸೂ ಕೊಟ್ಟರು. ನಾನು ಪಠ್ಯಪುಸ್ತಕದಲ್ಲಿ ಕಲಿತ ಹಾಗೆಯೇ ಎರಡು ಪಟ್ಟಿ ಮಾಡಿದೆ. ಅಡಿಗೆ ಭಟ್ಟರು, ದೋಸೆ ಹಾಕುವವರು ನೇರ ಖರ್ಚು. ಸ್ಟೋರಿನವರು ಪರೋಕ್ಷ ಖರ್ಚು, ಓವರ್‌ಹೆಡ್. ಅಪ್ಪಯ್ಯನ ಹೆಸರನ್ನು ನಾನೇ ನನ್ನ ಕೈಯಾರೆ ಆ ಎರಡನೆಯ ಪಟ್ಟಿಯಲ್ಲಿ ಬರೆದೆ. ಪುಸ್ತಕದ ಪ್ರಕಾರ ಅದು ಸರಿಯೇ, ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಸಿಗುತ್ತಿತ್ತು. ಸಣ್ಣ ಧಣಿಗಳು ಅದನ್ನು ನೋಡಿ, ಸ್ಟೋರಿನ ಲೆಕ್ಕ ಮೊಬೈಲಿನಲ್ಲೇ ಆಗುತ್ತದೆ, ಆ ಹುದ್ದೆ ಮುಂದಿನ ದೀಪಾವಳಿಯಿಂದ ಬೇಕೋ ಬೇಡವೋ ಯೋಚಿಸುವ ಎಂದಿದ್ದರು. ಆ ಶೀಟು ಮಾಡಿದ್ದು ಯಾರೆಂದು ಅಪ್ಪಯ್ಯನಿಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಶನಿವಾರ ನಾನು ಚಪ್ಪಾಳೆ ಗಿಟ್ಟಿಸಿದ ಭಾಷಣವೂ ಅದೇ ಶೀಟು, ಹೆಸರು ಬೇರೆ ಅಷ್ಟೇ.

ಆ ರಾತ್ರಿ ಹೇಳಿಬಿಟ್ಟೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತುಂಟು. ಅಕ್ಷರ ನಿಂದೇ ಅಂತ ಅಂದೇ ಕಂಡೆ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕೂತು ಯೋಚಿಸಿದೆ. ಆಗದೇ ಹೋದ ನಷ್ಟವನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ, ನಿಜ. ಆದರೆ ಸೇಫ್ಟಿ ಇಲ್ಲದ ದಿನದ ಲೆಕ್ಕ ಸಿಗುತ್ತದಲ್ಲ? ಕಳೆದ ವರ್ಷ ಅಜ್ಜಿಯ ಉತ್ತರಕ್ರಿಯೆಗೆಂದು ಅಪ್ಪಯ್ಯ ಒಂಬತ್ತು ದಿನ ಊರಿಗೆ ಹೋಗಿದ್ದರು. ಹೋಟೆಲಿನ ಖರೀದಿ ಪುಸ್ತಕ ತಂದು ಆ ಒಂಬತ್ತು ದಿನ ತೆಗೆದೆ. ಒಡೆದ ಹಾಲು, ಕೊಳೆತ ಟೊಮೆಟೊ, ಹುಳ ಹಿಡಿದ ಉದ್ದಿನಬೇಳೆ ಬಂದು ಎರಡು ದಿನ ಹಿಟ್ಟು ಚೆಲ್ಲಿದ್ದು, ಭಾನುವಾರ ಮಧ್ಯಾಹ್ನ ಗ್ಯಾಸು ಮುಗಿದು ಊಟ ನಿಂತದ್ದು. ಎಲ್ಲ ಕೂಡಿದರೆ 14,380 ರೂಪಾಯಿ. ಅದರ ಹಿಂದಿನ ಒಂಬತ್ತು ದಿನದ ಇಂಥದೇ ನಷ್ಟ 2,150. ವ್ಯತ್ಯಾಸ 12,230. ಆ ಒಂಬತ್ತು ದಿನಕ್ಕೆ ಅಪ್ಪಯ್ಯನ ಸಂಬಳ 5,700 ಆಗುತ್ತಿತ್ತು.

ಗೆದ್ದೆ ಎಂದುಕೊಂಡು ಶೀಟನ್ನು ಅಪ್ಪಯ್ಯನಿಗೆ ತೋರಿಸಿದೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. “ಈ ಗ್ಯಾಸಿನದು ತೆಗಿ. ಆವತ್ತು ಗಾಡಿಯೇ ಬರಲಿಲ್ಲ. ನಾನಿದ್ದರೂ ಮುಗೀತಿತ್ತು.”

“ಅಪ್ಪಯ್ಯ, 3,600 ರೂಪಾಯಿ ಅದು!”

“ಇರಲಿ. ಆಗದ್ದನ್ನು ಬರೀಬಾರದು. ತೆಗಿ.”

ತೆಗೆದೆ. 8,630 ಉಳಿಯಿತು. ಒಂಬತ್ತು ದಿನದ ಲೆಕ್ಕದಿಂದ ವರ್ಷದ ಲೆಕ್ಕ ಹೇಳುವುದು ಪೂರ್ತಿ ಸರಿಯಲ್ಲ ಎಂದೂ ಕೆಳಗೆ ಬರೆದೆ. ಹಾಗೆ ಬರೆದೇ ಸಣ್ಣ ಧಣಿಗಳ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು, “ನೋಡುವ” ಅಂದರು. ಇದನ್ನು ಬರೆಯುವವರೆಗೂ ಉತ್ತರ ಬಂದಿಲ್ಲ.

ಇನ್ನು ಚರ್ಚೆಯ ವಿಷಯ. ನನ್ನ ಭಾಷಣದ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡಕ್ಕೆ ಆರನೆಯ ಸರದಿಯಲ್ಲಿ ಒಳ್ಳೆಯವನೊಬ್ಬ ಸಿಗುವಂತಿದ್ದರೆ ಸೇಫ್ಟಿಯನ್ನು ಆರಿಸಬೇಡಿ ಎಂದು ಈಗಲೂ ಹೇಳುತ್ತೇನೆ. ಆದರೆ ‘ಕಾದರೆ ಸಿಗುತ್ತಾರೆ’ ಎಂದದ್ದು ತಪ್ಪು. ರೀಡ್ 24ರವರೆಗೆ ಉಳಿದಿದ್ದಕ್ಕೆ ಅವನ ಯೋಗ್ಯತೆ ಕಡಿಮೆಯಿದ್ದದ್ದು ಕಾರಣವಲ್ಲ, 23 ಸರದಿಗಳಲ್ಲಿ ಯಾರೂ ಅವನ ಲೆಕ್ಕವನ್ನು ಸರಿಯಾಗಿ ಬರೆಯದಿದ್ದದ್ದು ಕಾರಣ. ಅಗ್ಗಕ್ಕೆ ಸಿಕ್ಕಿದ್ದರಿಂದ ಅಗ್ಗದವನು ಎಂದು ನಾನು ವಾದಿಸಿದ್ದೆ. ಬಾಲ್ಟಿಮೋರಿನವರು 14ರಲ್ಲಿ ಹಾಗೆ ಯೋಚಿಸಲಿಲ್ಲ.

ಬಹುಮಾನದ ಪುಸ್ತಕವನ್ನು ಆ ಅಕ್ಕನಿಗೆ ಕೊಡಹೋದೆ. “ಗಂಟೆ ಹೊಡೆದದ್ದು ನೀನಲ್ಲವಲ್ಲ, ಇಟ್ಟುಕೋ” ಅಂದರು. ಓದಿ ಮುಗಿಸಿ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ. ಅಪ್ಪಯ್ಯ ಎಂದಿನಂತೆ ನಾಲ್ಕಕ್ಕೆ ಹೋಗುತ್ತಿದ್ದಾರೆ.